ಕ್ಯಾಲೆಂಡರಿನ ಹಾಳೆಯಲ್ಲಿ ಜಪಾನು ತಂದವರು

"ಇಲ್ಲಿ ಗೋಡೆಗೆ ಮೊಳೆ ಹೊಡೀಬೋದಾ ಮೇಷ್ಟ್ರೇ?"

ಅವರು ನನ್ನ ಜೊತೆ ಆಡಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಹೆಸರು ಇಲ್ಲ, ಎಲ್ಲಿಂದ ಬಂದವರು ಏನು ಎಂಬುದೂ ಇಲ್ಲ. ಕಂಕುಳಲ್ಲಿ ಉದ್ದಕ್ಕೆ ಸುತ್ತಿದ ಕಾಗದದ ಕಟ್ಟು, ಕೈಯಲ್ಲಿ ಸುತ್ತಿಗೆ. ಮೊಳೆಗಳನ್ನು ಆಗಲೇ ತುಟಿಯಲ್ಲಿ ಕಚ್ಚಿಕೊಂಡಿದ್ದರಿಂದ ಅವರು ಏನು ಕೇಳುತ್ತಿದ್ದಾರೆಂದು ನನಗೆ ಎರಡನೇ ಸಲಕ್ಕೆ ತಿಳಿಯಿತು. ಹೊಡೆಯಬಾರದು ಎಂದೆ. ಕಾಲೇಜಿನ ಗೋಡೆ, ಹೋದ ವರ್ಷವಷ್ಟೇ ಸುಣ್ಣ ಬಳಿಸಿದ್ದಾರೆ ಎಂದೆ. "ಅದೂ ಸರೀನೇ," ಎಂದು ತಲೆದೂಗಿದರು. ತಲೆದೂಗುತ್ತಲೇ ಹೊಡೆದರು.

ಆಗಿನ್ನೂ ನಮ್ಮ ಜಿಲ್ಲೆ ಒಡೆದಿರಲಿಲ್ಲ, ನಾವೆಲ್ಲ ಕೋಲಾರದವರೇ. ಶಿಡ್ಲಘಟ್ಟದ ಒಂದು ಜೂನಿಯರ್ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಉಪನ್ಯಾಸಕ. ನಮ್ಮ ಕಡೆ ಜಪಾನಿನ ನೆರವಿನ ರೇಷ್ಮೆ ಯೋಜನೆಯೊಂದು ನಡೆಯುತ್ತಿತ್ತು. ಗೂಡಿನಿಂದ ನೂಲು ತೆಗೆಯುವ ಮನೆಗಳವರಲ್ಲಿ ನಾಲ್ಕು ಜನರನ್ನು ಆರಿಸಿ ಮೂರು ತಿಂಗಳ ತರಬೇತಿಗೆ ಜಪಾನಿಗೇ ಕಳಿಸುತ್ತಾರಂತೆ, ಹೆಂಗಸರಿಗೆ ಮೊದಲ ಅವಕಾಶವಂತೆ, ಹೋಗುವವರಿಗೆ ಅಲ್ಲಿಯ ಮಾತು ಅಷ್ಟಿಷ್ಟು ಬರಬೇಕಂತೆ ಎಂದು ಊರಲ್ಲಿ ಸುದ್ದಿಯಾಯಿತು. ಆ ಮಾತು ಕಲಿಸಲು ಸಂಜೆ ತರಗತಿ ಶುರುವಾಯಿತು. ಅದಕ್ಕೆ ಕೊಟ್ಟದ್ದು ನಾನು ಬೆಳಗಿನಿಂದ ಪಾಠ ಮಾಡುತ್ತಿದ್ದ ಕೋಣೆ. ಬೀಗ ತೆಗೆದುಕೊಡುವ, ಹಾಕಿಕೊಳ್ಳುವ ಕೆಲಸವೂ ನನ್ನದೇ ಆಯಿತು.

ಕಲಿಸಲು ಬಂದವರು ಇವರು. ರೇಷ್ಮೆ ಇಲಾಖೆಯಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾಗಿ ಚಿಂತಾಮಣಿಯಲ್ಲಿ ನೆಲೆಸಿದ್ದರು. ಹುಟ್ಟೂರು ಗೌರಿಬಿದನೂರಿನ ಕಡೆ, ನಗರಗೆರೆ ಹೋಬಳಿ, ಮನೆಮಾತು ತೆಲುಗು. ರೈತರಿಗೆ ಹಂಚುವ ಪಟಗಳಲ್ಲಿ ಹುಳುವಿನ ರೋಗ, ಎಲೆಯ ರೋಗ ಎಲ್ಲವನ್ನೂ ಬಣ್ಣದಲ್ಲಿ ಬರೆದವರು ಅವರೇ. ಪ್ರಾಯದಲ್ಲಿದ್ದಾಗ ಜಪಾನಿನಿಂದ ಬಂದ ತಜ್ಞರೊಬ್ಬರು ಆ ಚಿತ್ರಗಳನ್ನು ಮೆಚ್ಚಿ ಅವರನ್ನು ಒಂದು ವರ್ಷ ತಮ್ಮ ದೇಶಕ್ಕೆ ಕರೆಸಿಕೊಂಡಿದ್ದರಂತೆ. ಅಲ್ಲಿ ಅವರು ಇದ್ದದ್ದು ಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ, ಹುಳು ಸಾಕುವ ಮನೆಯಲ್ಲಿ. ಮಾತು ಕಲಿತದ್ದು ಆ ಮನೆಯ ಅಜ್ಜಿ ಮತ್ತು ನೆರೆಯ ಹೆಂಗಸರ ಜೊತೆ ಕೂತು ಹುಳುವಿಗೆ ಸೊಪ್ಪು ಹೆಚ್ಚುತ್ತ. ವಾಪಸು ಬಂದ ಮೇಲೂ ಆ ಅಜ್ಜಿ ವರ್ಷಕ್ಕೊಂದು ಕ್ಯಾಲೆಂಡರ್ ಕಳಿಸುತ್ತಿದ್ದಳು. ತಿಂಗಳಿಗೊಂದು ಚಿತ್ರ, ಎಲ್ಲ ಹಳೆಯ ಕಾಲದ ಮರದಚ್ಚಿನ ಚಿತ್ರಗಳು. ಅಜ್ಜಿ ಸತ್ತ ಮೇಲೆ ಬರುವುದು ನಿಂತಿತು. ಕಂಕುಳಲ್ಲಿ ಇದ್ದದ್ದು ಆ ಕ್ಯಾಲೆಂಡರುಗಳ ಹಾಳೆಗಳು. ಅವರ ಬಳಿ ಇದ್ದ ಪಠ್ಯಪುಸ್ತಕ ಅಷ್ಟೇ.

ನೋಡಲು ಏನೂ ಇರಲಿಲ್ಲ. ಕುಳ್ಳು ಆಳು. ಅರವತ್ತು ದಾಟಿದ್ದರೂ ತಲೆಗೆ ಕಡುಕಪ್ಪು ಬಣ್ಣ. ಬೆವರಿದರೆ ಕಿವಿಯ ಹತ್ತಿರ ಇಳಿಯುತ್ತಿತ್ತು. ಬಿಳಿಯ ಕ್ಯಾನ್ವಾಸ್ ಶೂ. ತರಗತಿಗೆ ಯಾವತ್ತೂ ತಡ. ಕೇಳಿದರೆ ತಪ್ಪನ್ನು ಬಸ್ಸಿನ ಮೇಲೆ ಹಾಕುವರು, ಆದರೆ ಮೀಸೆಯ ಮೇಲೆ ಬೋಂಡದ ಎಣ್ಣೆ ಹೊಳೆಯುತ್ತಿರುತ್ತಿತ್ತು. ಪದ ನೆನಪಾಗದಿದ್ದರೆ ಸೀಮೆಸುಣ್ಣ ಹಿಡಿದು ಅದರ ಚಿತ್ರ ಬರೆದುಬಿಡುತ್ತಿದ್ದರು. ವ್ಯಾಕರಣದ ಹೆಸರೆತ್ತಿದರೆ, "ಅದು ಆಮೇಲೆ ತಾನಾಗೇ ಬರ್ತೈತೆ ಮೇಷ್ಟ್ರೇ," ಎಂದು ಕೈ ಬೀಸುತ್ತಿದ್ದರು. ಹದಿನೆಂಟು ವರ್ಷದಿಂದ ವ್ಯಾಕರಣ ಕಲಿಸುತ್ತಿದ್ದ ನನ್ನೆದುರಿಗೆ ಆ ಕೈ ಬೀಸಿದ್ದು.

ಇಷ್ಟೇ ಆಗಿದ್ದರೆ ಅವರನ್ನು ಮರೆತೂ ಬಿಡುತ್ತಿದ್ದೆ. ಆದರೆ ನನ್ನ ಹೆಂಡತಿ ಆ ತರಗತಿಗೆ ಸೇರಿದಳು.

ರತ್ನಳ ತವರು ಶಿಡ್ಲಘಟ್ಟದಲ್ಲೇ. ಅವಳಣ್ಣನದು ನೂಲು ತೆಗೆಯುವ ಘಟಕ. ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಗೂಡಿನ ಎಳೆ ಹುಡುಕುವುದನ್ನು ಅವಳು ಲಂಗ ಉಡುವ ವಯಸ್ಸಿನಲ್ಲೇ ಕಲಿತಿದ್ದಳು. ಮದುವೆಯಾದ ಮೇಲೂ ಮಧ್ಯಾಹ್ನ ಹೋಗಿ ಗೂಡು ಆರಿಸಿಕೊಟ್ಟು ಬರುತ್ತಿದ್ದಳು. ಓದಿದ್ದು ಎಸ್ಸೆಸ್ಸೆಲ್ಸಿ. ಮದುವೆಯ ಹೊಸತರಲ್ಲಿ ನಾನು ಅವಳಿಗೆ ಇಂಗ್ಲಿಷ್ ಹೇಳಿಕೊಡಲು ಕೂತಿದ್ದೆ. ಕ್ರಿಯಾಪದದ ಕೋಷ್ಟಕ ಬರೆದು, ಭೂತ ವರ್ತಮಾನ ಭವಿಷ್ಯತ್ತು ಎಂದು ಮೂರು ಕಂಬ ಎಳೆದು ಕಲಿಸಿದೆ. ಕೆಲವು ದಿನ ಬಾಯಿಪಾಠ ಮಾಡಿದಳು. ಆಮೇಲೆ ಒಂದು ಸಂಜೆ, "ಬೇಡ ಬಿಡ್ರಿ, ನನ್ ತಲೇಗೆ ಹತ್ತಲ್ಲ," ಎಂದು ಎದ್ದು ಹೋದವಳು ಮತ್ತೆ ಕೂರಲಿಲ್ಲ. ಅವಳ ತಲೆಗೆ ಭಾಷೆ ಹತ್ತುವುದಿಲ್ಲ ಎಂದು ನಾನೂ ನಂಬಿಕೊಂಡೆ. ನಂಬಿಕೊಂಡದ್ದು ನನಗೂ ಅನುಕೂಲವಾಗಿತ್ತು.

"ರೀ, ನಾಳೆಯಿಂದ ನಾನೂ ಆ ಜಪಾನಿ ಕ್ಲಾಸಿಗೆ ಬರ್ತೀನಿ," ಎಂದಳು. ಕೇಳಲಿಲ್ಲ, ತಿಳಿಸಿದಳು.

"ನಿಂಗ್ಯಾಕೆ? ಇಂಗ್ಲಿಷೇ ಬರ್ಲಿಲ್ಲ."

"ನೋಡಣ. ಅಣ್ಣ ಹೆಸರು ಕೊಟ್ಟವ್ನೆ."

ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ 'ಸೆನ್ಸೇ' ಎಂಬ ಮಾತು ಕೇಳತೊಡಗಿತು. ಸೆನ್ಸೇ ಎಂದರೆ ಗುರುಗಳು. ಸೆನ್ಸೇ ಹಾಗಂದ್ರು, ಸೆನ್ಸೇ ಹೀಗೆ ನಗಿಸಿದ್ರು. ಊರಿನ ಅರ್ಧ ಜನಕ್ಕೆ ಪಾಠ ಹೇಳಿದವನು ನಾನು. ಸ್ವಂತ ಮನೆಯಲ್ಲಿ ನನ್ನ ಹೆಸರು 'ರೀ'.

ಬೀಗ ಹಾಕುವ ನೆಪದಲ್ಲಿ ಒಂದು ಸಂಜೆ ಬೇಗ ಹೋಗಿ ಕಿಟಕಿಯ ಹೊರಗೆ ನಿಂತೆ. ಒಳಗೆ ಹತ್ತು ಹದಿನೈದು ಜನ. ಗೋಡೆಯ ಮೇಲೆ ಒಂದೇ ಚಿತ್ರ. ಮರದ ಅಟ್ಟದಂಥ ಕೋಣೆ, ಸುತ್ತ ಹುಳುವಿನ ತಟ್ಟೆಗಳು. ಒಬ್ಬ ಹರೆಯದ ಹೆಂಗಸು ಕೈಯಲ್ಲಿ ಸೊಪ್ಪು ಹಿಡಿದೇ ನಿದ್ದೆ ಹೋಗಿದ್ದಾಳೆ. ಮುದುಕಿಯೊಬ್ಬಳು ಅವಳಿಗೆ ಏನೋ ಹೊದಿಸುತ್ತಿದ್ದಾಳೆ. ಇಡೀ ತರಗತಿ ಅದನ್ನು ಸುಮ್ಮನೆ ನೋಡುತ್ತಿತ್ತು. ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಅವರೂ ಬಾಯಿ ಬಿಡದೆ ಮೇಜಿನ ಅಂಚಿಗೆ ಕೂತು ಕಾಲಾಡಿಸುತ್ತಿದ್ದರು. ಇದಕ್ಕೆ ಪಾಠ ಅನ್ನುತ್ತಾರೆಯೇ ಎಂದುಕೊಂಡೆ.

ಎಷ್ಟೋ ಹೊತ್ತಿನ ಮೇಲೆ ಕೇಳಿದರು, "ಈ ಮುದುಕಿ ಅವಳಿಗೆ ಏನಾಗ್ಬೇಕು? ಅಮ್ಮನಾ, ಅತ್ತೆನಾ?"

ಮೊದಲು ಬಾಯಿ ತೆಗೆದದ್ದು ಭಾಯಿ. ಊರಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದ, ನೂಲು ತೆಗೆಸುವ ನಡುವಯಸ್ಸಿನ ಮನುಷ್ಯ. "ಅಮ್ಮಾನೇ ಸಾರ್. ಅತ್ತೆ ಆಗಿದ್ರೆ ಒದ್ದು ಎಬ್ಬಿಸ್ತಿದ್ಲು." ಎಲ್ಲರೂ ನಕ್ಕರು.

ಆಗ ರತ್ನ ಎದ್ದು ನಿಂತಳು. "ಅತ್ತೇನೇ ಸೆನ್ಸೇ. ಹೊದಿಸ್ತಿರೋದು ನೋಡಿ, ಹುಳೂಗೆ ಮುಚ್ಚೋ ಬಟ್ಟೆ. ಪಕ್ಕದ ತಟ್ಟೆ ಮೇಲೂ ಅದೇ ಐತೆ. ಅಮ್ಮ ಆಗಿದ್ರೆ ತಾನು ಹೊದ್ದಿರೋದನ್ನೇ ತೆಗೆದು ಹೊದಿಸ್ತಿದ್ಲು. ಈಕೆಗೆ ಪ್ರೀತಿ ಐತೆ, ಆದ್ರೆ ಲೆಕ್ಕಾನೂ ಐತೆ."

ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಉದ್ದದ ಮಾತನ್ನು, ಅಷ್ಟು ಗಟ್ಟಿಯಾಗಿ ಆಡಿದ್ದನ್ನು ನಾನು ಕೇಳಿರಲಿಲ್ಲ. ಅವರು ಮೇಜಿನಿಂದ ಧುಮುಕಿ ಚಿತ್ರದ ಹತ್ತಿರ ಹೋಗಿ ಮೂಗು ತಾಗಿಸಿ ನೋಡಿದರು. "ಅಮ್ಮಾ, ಮೂವತ್ತು ವರ್ಷದಿಂದ ನಮ್ಮನೇಲಿ ಐತೆ ಈ ಚಿತ್ರ. ನಾನಿದನ್ನ ನೋಡೇ ಇಲ್ವಲ್ಲಮ್ಮಾ!" ಎಂದರು. ಅದು ಕಲಿಯುವವರನ್ನು ಖುಷಿಪಡಿಸುವ ಮೇಷ್ಟರ ನಾಟಕವಲ್ಲ. ನಿಜವಾಗಿ ಬೆರಗಾಗಿದ್ದರು. ಆ ಬೆರಗೇ ನನಗೆ ಸಹಿಸಲಾಗಲಿಲ್ಲ.

ಆಮೇಲೆ ಅತ್ತೆಗೆ ಏನನ್ನುತ್ತಾರೆ, ಸೊಸೆಗೆ ಏನನ್ನುತ್ತಾರೆ, ನಿದ್ದೆಗೆ ಏನನ್ನುತ್ತಾರೆ ಎಂದು ಒಂದೊಂದೇ ಪದ ಕೊಟ್ಟರು. ಕೇಳಿ ಪಡೆದ ಪದವಾದ್ದರಿಂದ ಯಾರೂ ಮರೆಯುವಂತಿರಲಿಲ್ಲ. ಹುಳುವಿಗೆ ಆ ಕಡೆಯ ಹಳ್ಳಿಗಳಲ್ಲಿ ಬರೀ ಹುಳು ಅನ್ನುವುದಿಲ್ಲವಂತೆ. ಹಿಂದೊಂದು ಮುಂದೊಂದು ಗೌರವದ ಮಾತು ಸೇರಿಸಿ 'ಒಕೈಕೊಸಾಮಾ' ಅನ್ನುತ್ತಾರಂತೆ. "ನಮ್ಮ ಭಾಷೇಲಿ ಹೇಳೋದಾದ್ರೆ, ಹುಳುವಿನವರು," ಎಂದರು. "ಅನ್ನ ಹಾಕೋರಲ್ವಾ, ಏಕವಚನದಲ್ಲಿ ಹೆಂಗೆ ಕರೆಯೋದು?" ಕೊನೆಗೆ, ಆ ಮನೆಗಳಲ್ಲಿ ಬಿಸಿನೀರಿನ ಸ್ನಾನಕ್ಕೆ ಮೊದಲು ಯಜಮಾನ, ಆಮೇಲೆ ಗಂಡುಮಕ್ಕಳು, ಎಲ್ಲರದ್ದೂ ಆದ ಮೇಲೆ ಅದೇ ನೀರಿನಲ್ಲಿ ಸೊಸೆ ಎಂದು ಹೇಳಿದರು.

"ನಮ್ಮಲ್ಲಿ ಊಟ," ಎಂದಳು ರತ್ನ. ತರಗತಿಯಲ್ಲಿ ಯಾರೂ ನಗಲಿಲ್ಲ.

ಅಂದು ಮನೆಯಲ್ಲಿ ನಾನು ಊಟಕ್ಕೆ ಕೂತಾಗ ಅವಳು ಎಂದಿನಂತೆ ನಿಂತು ಬಡಿಸಿದಳು. 'ನೀನೂ ಕೂತ್ಕೋ' ಎನ್ನಬೇಕೆಂದು ಬಾಯಿಯವರೆಗೆ ಬಂತು. ಅಂದರೆ ಅದೂ ಅವರ ಪಾಠದ ಫಲವಾಗುತ್ತದಲ್ಲ ಎನ್ನಿಸಿ ಸಾರನ್ನ ಕಲಸಿಕೊಂಡೆ.

ನಾನೂ ಸುಮ್ಮನಿರಲಿಲ್ಲ. ಚಿಕ್ಕಬಳ್ಳಾಪುರದ ಅಂಗಡಿಯೊಂದರಲ್ಲಿ ಇಂಗ್ಲೆಂಡಿನ ಹಳ್ಳಿಯ ದೊಡ್ಡದೊಂದು ಪಟ ಸಿಕ್ಕಿತು. ಕಲ್ಲಿನ ಮನೆ, ಹಸಿರು ಹುಲ್ಲು, ಪಕ್ಕದಲ್ಲಿ ಭಾರಿ ಮರ. ತಂದು ಅವರು ಹೊಡೆದ ಮೊಳೆಗೇ ತೂಗುಹಾಕಿದೆ. ಮಕ್ಕಳಿಗೆ, "ನೋಡಿ," ಎಂದೆ. ನೋಡಿದರು. ನಾನು ಗಡಿಯಾರ ನೋಡಿಕೊಂಡೆ. "ಈ ಮನೆಯಲ್ಲಿ ಮೊದಲು ಊಟ ಮಾಡುವವರು ಯಾರು?" ಎಂದು ಕೇಳಿದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಸಾರ್, ಇದು ಪರೀಕ್ಷೇಗೆ ಬರ್ತದಾ?"

"ಇಲ್ಲ. ಸುಮ್ಮನೆ ಹೇಳು."

"ಗೊತ್ತಿಲ್ಲ ಸಾರ್. ನೀವೇ ಹೇಳಿ."

ನನಗೂ ಗೊತ್ತಿರಲಿಲ್ಲ. ಆ ಮನೆಯಲ್ಲಿ ಎಷ್ಟು ಜನ ಇರುತ್ತಾರೆ, ಬೆಳಗ್ಗೆ ಎದ್ದು ಮೊದಲು ಏನು ಮಾಡುತ್ತಾರೆ, ಸತ್ತರೆ ಎಷ್ಟು ದಿನ ಸೂತಕ, ಯಾವುದೂ ತಿಳಿಯದು. ಪುಸ್ತಕ ತೆಗೆಯಿರಿ ಎಂದೆ. ಮಕ್ಕಳ ಮುಖದಲ್ಲಿ ನೆಮ್ಮದಿ ಬಂತು.

ಸಂಜೆ ಅವರು ಬಂದವರು ಆ ಪಟ ಕಂಡು ಹಿಗ್ಗಿಹೋದರು. "ಭಲೇ ಮೇಷ್ಟ್ರೇ, ನೀವೂ ಶುರು ಮಾಡಿದ್ರಾ! ಇದ್ಯಾವ ಮರ?"

"ಓಕ್ ಇರಬೇಕು."

"ಓಕಾ! ನೆರಳು ಹೆಂಗಿರ್ತೈತೆ? ನಮ್ಮ ಹೊಂಗೆ ಥರ ತಂಪಾ, ಹುಣಸೆ ಥರ ಕಾವಾ?"

ಎಷ್ಟೋ ಪದ್ಯಗಳಲ್ಲಿ ಆ ಮರದ ಹೆಸರನ್ನು ವಿವರಿಸಿದ್ದೇನೆ. ಅದರ ನೆರಳಿನ ಬಗ್ಗೆ ಯೋಚಿಸಿರಲಿಲ್ಲ. ಅವರ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು. ಮಾರನೇ ದಿನ ಪಟ ಇಳಿಸಿದೆ.

ಆಯ್ಕೆಯ ಸಂದರ್ಶನ ಬೆಂಗಳೂರಿನಲ್ಲಿ. ರತ್ನಳ ಜೊತೆ ನಾನು ಹೋದೆ. ಕಲಿತವರೆಲ್ಲರ ಜೊತೆ ಅವರೂ ಬಂದಿದ್ದರು, ತಲೆಗೆ ಹೊಸದಾಗಿ ಬಣ್ಣ ಹಚ್ಚಿಕೊಂಡು. ಆರಿಸಲು ಬಂದ ಜಪಾನಿನವರು ಒಬ್ಬೊಬ್ಬರನ್ನೇ ಒಳಗೆ ಕರೆದರು. ಹೊರಗೆ ಬೆಂಚಿನ ಮೇಲೆ ಕೂತ ನಮಗೆ ಒಳಗಿನಿಂದ ನಗು ಕೇಳಿಸಿತು. ಮುಂದಿನವರು ಹೋದಾಗಲೂ ಅದೇ ನಗು. ಭಾಯಿ ಹೊರಗೆ ಬಂದವನು ಕೆಂಪಾಗಿದ್ದ. "ಏನ್ ಸಾರ್ ಇದು, ಬಾಯಿ ತೆಗೆದ್ರೆ ನಗ್ತಾವ್ರೆ!"

ದುಭಾಷಿಯಾಗಿ ಬಂದಿದ್ದ ಹುಡುಗಿ ಬಾಗಿಲಿಗೆ ಬಂದು ಅವರನ್ನು ಕೇಳಿದಳು, "ಇವರಿಗೆಲ್ಲ ಕಲಿಸಿದ್ದು ನೀವಾ ಸಾರ್? ತಪ್ಪು ತಿಳ್ಕೋಬೇಡಿ. ಇವರು ಮಾತಾಡೋದು ಯಾವುದೋ ಬೆಟ್ಟದ ಹಳ್ಳಿಯ ಎಂಬತ್ತು ವರ್ಷದ ಅಜ್ಜಿ ಮಾತಾಡಿದ ಹಾಗಿದೆ. ಮೀಸೆ ಇರೋ ಆ ಭಾಯಿ ಕೂಡ ಅಜ್ಜಿ ಥರಾನೇ ಮಾತಾಡ್ತಾರೆ."

ಅವರ ಮುಖ ಇಳಿಯಿತು. ಕೈಯಲ್ಲಿದ್ದ ಕಾಗದದ ಸುರುಳಿಯನ್ನು ಮಂಡಿಯ ಮೇಲೆ ಇಟ್ಟುಕೊಂಡು, "ನಾನು ಕಲ್ತಿದ್ದು ಅಜ್ಜೀರ ಹತ್ರಾನೇ ಅಲ್ವಾ ಅಮ್ಮಾ," ಎಂದರು ಮೆಲ್ಲಗೆ. ನಾನು ಎದುರಿನ ಹೋಟೆಲಿಗೆ ಹೋಗಿ ಎರಡು ಮಸಾಲೆ ದೋಸೆ ತಿಂದೆ. ಅಷ್ಟು ರುಚಿಯಾದ ದೋಸೆಯನ್ನು ಅದಕ್ಕೆ ಮುಂಚೆ ತಿಂದ ನೆನಪಿಲ್ಲ.

ಆದರೆ ಆಯ್ಕೆಯಾದ ನಾಲ್ವರಲ್ಲಿ ರತ್ನ ಇದ್ದಳು, ಭಾಯಿಯೂ ಇದ್ದ. ನಕ್ಕವರೇ ಆರಿಸಿದ್ದರು. ಬೇರೆ ಕಡೆಯಿಂದ ಬಂದವರು ಪುಸ್ತಕದ ವಾಕ್ಯ ಒಪ್ಪಿಸಿ ಸುಮ್ಮನಾದರಂತೆ; ನಮ್ಮೂರಿನವರು ಎದುರಿನವರನ್ನೇ ಪ್ರಶ್ನೆ ಕೇಳಿದರಂತೆ. ನಿಮ್ಮ ಮನೆಯಲ್ಲಿ ಈಗ ಕೊನೆಗೆ ಸ್ನಾನ ಮಾಡುವವರು ಯಾರು ಎಂದು ರತ್ನ ಕೇಳಿದ್ದಳಂತೆ.

ನಾನು ಇಂಗ್ಲಿಷ್ ಎಂ.ಎ. ವಿಮಾನವನ್ನು ನೆಲದ ಮೇಲಿನಿಂದ ಮಾತ್ರ ನೋಡಿದವನು. ಸೆಪ್ಟೆಂಬರಿನಲ್ಲಿ ನನ್ನ ಹೆಂಡತಿ ಅದನ್ನು ಹತ್ತಿ ಹೋದಳು.

ಮಗಳು ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಮನೆಯಲ್ಲಿ ನಾನೊಬ್ಬನೇ. ಅವಳು ಹೋದ ಮೊದಲ ಭಾನುವಾರವೇ ಬಾಗಿಲು ಬಡಿದ ಸದ್ದಾಯಿತು. ಕ್ಯಾನ್ವಾಸ್ ಶೂ, ಕಂಕುಳಲ್ಲಿ ಸುರುಳಿ, ಕೈಯಲ್ಲಿ ಒಂದು ಡಬ್ಬಿ. "ಒಬ್ರೇ ಇರ್ತೀರಲ್ಲ ಅಂತ ಬಂದೆ. ನಮ್ಮನೆಯವಳು ಉಪ್ಸಾರು ಕೊಟ್ಟವ್ಳೆ. ಮುದ್ದೆ ಮಾಡಕ್ ಬರ್ತದಾ?" ಬರುವುದಿಲ್ಲ ಎಂದೆ. ತೋಳು ಮಡಚಿ ಒಳಗೆ ನುಗ್ಗಿ ಅವರೇ ಮುದ್ದೆ ತಿರುವಿದರು.

ಉಂಡಾದ ಮೇಲೆ ಸುರುಳಿ ಬಿಚ್ಚಿ ಸೆಪ್ಟೆಂಬರಿನ ಹಾಳೆಯನ್ನು ನೆಲದ ಮೇಲೆ ಹರಡಿದರು. ಬೆಳ್ಳನೆಯ ತೆನೆಹುಲ್ಲು, ಮೇಲೆ ಭಾರಿ ಚಂದ್ರ, ಜಗಲಿಯಲ್ಲಿ ತಟ್ಟೆಯ ತುಂಬ ಉಂಡೆ. "ಈಗ ಅಲ್ಲಿ ಚಂದ್ರನ್ನ ನೋಡೋ ಹಬ್ಬ. ನಿಮ್ಮನೆಯವರು ಈ ಹೊತ್ತಲ್ಲಿ ಇದನ್ನೇ ನೋಡ್ತಿರ್ತಾರೆ." ಆಮೇಲೆ ಭಾನುವಾರ ತಪ್ಪದೆ ಬರತೊಡಗಿದರು. ಮುಂದಿನ ತಿಂಗಳು ಅಕ್ಟೋಬರಿನ ಹಾಳೆ ತಂದರು, ಬೆಟ್ಟವೆಲ್ಲ ಉರಿ ಹತ್ತಿದ ಹಾಗೆ ಕೆಂಪು. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಬೆಳಗ್ಗೆ ನೀರು ಎಷ್ಟು ತಣ್ಣಗಿರುತ್ತದೆ ಎಂದೆಲ್ಲ ಹೇಳುತ್ತಿದ್ದರು. ಹೇಳುವಾಗ ಅವರ ಕಣ್ಣು ಚಿತ್ರ ದಾಟಿ ಎಲ್ಲೋ ಹೋಗಿರುತ್ತಿತ್ತು. ನನ್ನ ಹೆಂಡತಿ ಎಲ್ಲಿದ್ದಾಳೆ, ಏನು ನೋಡುತ್ತಿದ್ದಾಳೆ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬರಬೇಡಿ ಎಂದು ಹೇಳಲು ಪ್ರತಿ ಭಾನುವಾರ ತಯಾರಾಗುತ್ತಿದ್ದೆ. ಭಾನುವಾರ ಮಧ್ಯಾಹ್ನವಾದರೆ ಬಸ್ಸು ಬಂತೇ ಎಂದು ಕಿವಿ ಕೊಡುತ್ತಲೂ ಇದ್ದೆ.

ನವೆಂಬರಿನ ಹಾಳೆಯಲ್ಲಿ ಎಲೆಯುದುರಿದ ಮರ, ತುದಿಯಲ್ಲಿ ಒಂದೇ ಒಂದು ಕಿತ್ತಳೆ ಬಣ್ಣದ ಹಣ್ಣು. ಕಾಕಿ ಎಂಬ ಹಣ್ಣಂತೆ. ಕೊಯ್ಲಿನಲ್ಲಿ ಎಲ್ಲ ಕಿತ್ತು ಒಂದನ್ನು ಮಾತ್ರ ಹಕ್ಕಿಗೆಂದು ಬಿಡುತ್ತಾರಂತೆ. ಅದಾದ ಎರಡು ಮೂರು ದಿನಕ್ಕೆ ರತ್ನಳ ಫೋನು ಬಂತು. ವಾರಕ್ಕೊಮ್ಮೆ, ಐದು ನಿಮಿಷದ ಮಾತು.

"ರೀ, ಇವತ್ತೊಂದು ನೋಡ್ದೆ. ಮರದ ತುಂಬ ಹಣ್ಣು ಕಿತ್ತವ್ರೆ, ಒಂದೇ ಒಂದು ಬಿಟ್ಟವ್ರೆ. ಯಾಕೆ ಹೇಳಿ ನೋಡಣ?"

"ಹಕ್ಕಿಗೆ," ಎಂದೆ.

ಅವಳು ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಮಾತನ್ನು ಕಿತ್ತುಕೊಂಡೆನೇನೋ ಎನ್ನಿಸಿತು. ಆದರೂ ಒಳಗೊಳಗೆ ಬೀಗಿದೆ. ಇಷ್ಟು ದೂರದಿಂದ ಅವಳು ನೋಡಿದ್ದನ್ನು ನಾನೂ ನೋಡಿದ್ದೆ. ಆಮೇಲೆ ಅವಳ ದನಿ ಅರಳಿತು. "ಸೆನ್ಸೇ ಬಂದಿದ್ರಾ? ಹೆಂಗವ್ರೆ? ಊಟ ಮಾಡಿಸಿದ್ರಾ?" ಉಳಿದ ನಿಮಿಷಗಳೆಲ್ಲ ಅವರ ಮಾತಿಗೇ ಹೋದವು.

ಡಿಸೆಂಬರಿನಲ್ಲಿ ಅವಳು ಬಂದಳು. ನನಗೊಂದು ಉಣ್ಣೆಯ ಸ್ವೆಟರು. ಅವರಿಗೆ ಮುಂದಿನ ವರ್ಷದ ಕ್ಯಾಲೆಂಡರು. ಮಾರನೇ ದಿನವೇ ಅವರು ಬಂದರು. ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಕ್ಯಾಲೆಂಡರು ಬಿಡಿಸಿದರು. ಜನವರಿ: ಸಮುದ್ರದ ಮೇಲೆ ಭಾರಿ ಸೇತುವೆ. ಫೆಬ್ರವರಿ: ಬಾಣದಂಥ ರೈಲು. ಎಲ್ಲವೂ ಫೋಟೋಗಳು. ಡಿಸೆಂಬರಿನವರೆಗೆ ಒಂದೊಂದೇ ತಿರುವಿದರು.

"ಚೆನ್ನಾಗೈತಮ್ಮಾ," ಎಂದರು. ಕ್ಯಾಲೆಂಡರು ಸುತ್ತಿಡುತ್ತ, "ಹುಳು ಸಾಕೋ ಮನೆಗಳಿಗೆ ಕರ್ಕೊಂಡು ಹೋಗಿದ್ರಾ?"

ರತ್ನ ನೆಲ ನೋಡಿದಳು. "ಇಲ್ಲ ಸೆನ್ಸೇ. ಅಲ್ಲೀಗ ಯಾರೂ ಸಾಕಲ್ವಂತೆ. ಒಂದು ಮನೆ ತೋರಿಸಿದ್ರು, ಟಿಕೆಟ್ ಇಟ್ಟವ್ರೆ. ತಟ್ಟೆ ಅಟ್ಟ ಎಲ್ಲಾ ಹಂಗೇ ಐತೆ. ಹುಳು ಮಾತ್ರ ರಬ್ಬರಿಂದು."

ನನ್ನ ನಾಲಿಗೆ ಕಾದು ಕುಳಿತಿತ್ತು. "ಹಾಗಾದ್ರೆ ಇಷ್ಟು ದಿನ ನೀವು ಕಲಿಸಿದ್ದು ಇಲ್ಲದ ಊರನ್ನ ಅಂತಾಯ್ತು," ಎಂದೆ.

"ಹೌದು ಮೇಷ್ಟ್ರೇ," ಎಂದರು. ಬಣ್ಣ ಮಾಸಿದ ಕೂದಲಿನ ಬುಡದಲ್ಲಿ ಬಿಳಿ ಕಾಣುತ್ತಿತ್ತು. ಅವರು ಮುದುಕರೆಂದು ನನಗೆ ಮೊದಲ ಸಲ ಕಂಡದ್ದು ಆಗ.

ರತ್ನ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರ ಮುಂದೆ ಮಂಡಿಯೂರಿ ಕೂತಳು. "ಕೇಳಿ ಸೆನ್ಸೇ. ಆ ಮನೇಲಿ ಟಿಕೆಟ್ ಹರಿಯೋಕೆ ಒಬ್ಬ ಅಜ್ಜಿ ಕೂತಿತ್ತು. ನಾನು ತಟ್ಟೆ ನೋಡಿ ಒಕೈಕೊಸಾಮಾ ಅಂದೆ. ಅಜ್ಜಿ ಎದ್ದು ಬಂದು ನನ್ ಕೈ ಹಿಡ್ಕೊಂಡ್ಬಿಡ್ತು. ಬಿಡ್ಲೇ ಇಲ್ಲ. ನಮ್ಮಮ್ಮ ಸತ್ತ ಮೇಲೆ ಈ ಮಾತು ಹಿಂಗೆ ಅನ್ನೋರ್ನ ಕೇಳೇ ಇಲ್ಲ, ನೀನು ಯಾವೂರವ್ಳೇ ತಾಯಿ ಅಂತು. ಶಿಡ್ಲಘಟ್ಟ ಅಂದೆ. ಅದ್ಯಾವ ಬೆಟ್ಟದ ಹಿಂದೆ ಬರ್ತದೆ ಅಂತು, ಸೆನ್ಸೇ! ತಮ್ಮ ಕಡೇದೇ ಒಂದು ಊರು ಅನ್ಕೊಂಡಿತ್ತು!"

ಅವರು ನಗಲು ಹೋದರು. ಆಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. ನಾನು ಕಾಫಿ ಮಾಡಿ ತರುತ್ತೇನೆಂದು ಎದ್ದು ಒಳಗೆ ಹೋದೆ. ಮೂರು ತಿಂಗಳಲ್ಲಿ ನಾನು ಕಲಿತಿದ್ದ ಅಡುಗೆ ಅದೊಂದೇ.

ಯೋಜನೆ ಮುಗಿಯಿತು, ಸಂಜೆಯ ತರಗತಿಯೂ ನಿಂತಿತು. ಅವರು ಯಾವಾಗಲಾದರೊಮ್ಮೆ ಬಂದು ಹೋಗುತ್ತಿದ್ದರು. ರತ್ನ ಅಣ್ಣನ ಘಟಕದಲ್ಲಿ ಅಲ್ಲಿ ಕಲಿತ ರೀತಿಯಲ್ಲಿ ನೂಲು ತೆಗೆಸತೊಡಗಿದಳು. ಹೊಸದಾಗಿ ಸೇರಿದ ಹೆಂಗಸರಿಗೆ ಕಲಿಸುವವಳೂ ಅವಳೇ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಮೇಲಿನ ಮಾತು, ಒಂದು ಬೆಳಗ್ಗೆ ಭಾಯಿ ಫೋನು ಮಾಡಿ ಅವರು ಹೋಗಿಬಿಟ್ಟರೆಂದು ಹೇಳಿದ. ರತ್ನ ಒಲೆ ಆರಿಸಿ, ಹಾಗೇ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಅವಳ ಅಪ್ಪ ತೀರಿಕೊಂಡಾಗಲೂ ಅವಳು ನನ್ನೆದುರಿಗೆ ಅತ್ತವಳಲ್ಲ.

ಚಿಂತಾಮಣಿಯ ಅವರ ಮನೆಯ ಪಡಸಾಲೆಯಲ್ಲಿ ಮಲಗಿಸಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರ ಕಡೆಯವರು ತೆಲುಗಿನಲ್ಲಿ ಗೋಳಾಡುತ್ತಿದ್ದರು. 'ಆ ಮೇಷ್ಟ್ರು ಬಂದ್ರಾ ನೋಡಿ' ಎಂದು ಕೊನೆಯ ದಿನಗಳಲ್ಲಿ ನನ್ನನ್ನು ಕೇಳುತ್ತಿದ್ದರೆಂದು ಅವರ ಹೆಂಡತಿ ಹೇಳಿದರು. ನಾನು ಗೇಟಿನ ಹತ್ತಿರ ಚಪ್ಪಲಿಗಳ ಪಕ್ಕ ಬಂದು ನಿಂತೆ. ಅಷ್ಟರಲ್ಲಿ ಅವರಿಂದ ಕಲಿತವರು ಒಟ್ಟಾಗಿ ಬಂದರು. ಭಾಯಿ ಮುಂದೆ, ರತ್ನ ಅವನ ಪಕ್ಕ, ಹಿಂದೆ ಏಳೆಂಟು ಜನ. ಪಾದದ ಕಡೆ ಸಾಲಾಗಿ ನಿಂತು, ಸೊಂಟದಿಂದ ಬಾಗಿ, ಒಟ್ಟಿಗೆ ಏನೋ ಒಂದು ಮಾತು ಹೇಳಿದರು. ಒಂದೇ ವಾಕ್ಯ. ಗೋಳಾಡುತ್ತಿದ್ದವರು ಬೆಚ್ಚಿ ಸುಮ್ಮನಾದರು. ಗೇಟಿನ ಹತ್ತಿರ ನಿಂತ ನನಗೆ ಅದರ ಒಂದಕ್ಷರವೂ ತಿಳಿಯಲಿಲ್ಲ. ನಾನು ಪಾಠ ಹೇಳಿದವರು ಸಾವಿರಾರು ಜನ. ನಾನು ಹೀಗೆ ಮಲಗಿರುವಾಗ ನನ್ನೆದುರು ಇಂಗ್ಲಿಷಿನಲ್ಲಿ ಒಂದು ವಾಕ್ಯ ಆಡುವವರು ಯಾರಿದ್ದಾರೆ ಎಂದು ನೆನೆಸಿಕೊಂಡು ನೋಡಿದೆ.

ವಾಪಸು ಬಸ್ಸಿನಲ್ಲಿ ಕೇಳಿದೆ. "ಏನಂದ್ರಿ ಎಲ್ಲಾರೂ?"

ರತ್ನ ಕಿಟಕಿಯ ಆಚೆ ನೋಡುತ್ತಿದ್ದಳು. ಹಿಪ್ಪುನೇರಳೆ ತೋಟಗಳು ಹಿಂದಕ್ಕೆ ಓಡುತ್ತಿದ್ದವು.

"ಕೆಲಸ ಮುಗಿಸ್ಕೊಂಡು ಮನೇಗೆ ಹೋಗೋರಿಗೆ ಹೇಳೋ ಮಾತು ರೀ. ನಮ್ಮಲ್ಲಿ ಇಲ್ಲ ಅದು. ದಣಿದಿದ್ದೀರಿ ಅಂದಂಗೆ." ಕಿಟಕಿಯಿಂದ ನನ್ನ ಕಡೆ ತಿರುಗಿದಳು. "ಹಂಗೂ ಅಲ್ಲ. ನೀವು ದಣಿದಿದ್ದನ್ನ ನಾನು ನೋಡಿದೀನಿ, ಅಂದಂಗೆ."

ಇದೆಲ್ಲ ಆಗಿ ವರ್ಷವಾಗುತ್ತ ಬಂತು. ಸಂಜೆ ಕಾಲೇಜಿನಿಂದ ಬಂದು ನಾನು ಚಪ್ಪಲಿ ಬಿಡುವ ಸದ್ದಿಗೆ ರತ್ನ ಒಳಗಿನಿಂದ, "ಬಂದ್ರಾ?" ಎನ್ನುತ್ತಾಳೆ. ಮದುವೆಯಾದಾಗಿನಿಂದ ಅನ್ನುತ್ತಿರುವುದು ಅದನ್ನೇ. ನಾನು ಒಂದು ಗಳಿಗೆ ಹೊಸ್ತಿಲ ಹೊರಗೇ ನಿಲ್ಲುತ್ತೇನೆ, ಆ ಇನ್ನೊಂದು ಮಾತು ಬಂದೀತೇನೋ ಎಂದು. ಆಮೇಲೆ, "ಹೂಂ, ಬಂದೆ," ಎಂದು ಒಳಗೆ ಹೋಗುತ್ತೇನೆ.